ಒಂದೇ ಮೈಕಿನ ಸುತ್ತ ಐದು ಜನ

ಗುರುವಾರ ಸಂಜೆ ಐದೂವರೆಗೆ ನಮ್ಮ ಮನೆಯ ಸೋಫಾ ಎದ್ದು ನಿಲ್ಲುತ್ತಿತ್ತು. ಅಪ್ಪ ಒಂದು ತುದಿ ಎತ್ತಿ, ನಾನು ಇನ್ನೊಂದು ತುದಿ ತಳ್ಳಿ, ಅದನ್ನು ಮೆಟ್ಟಿಲ ಬುಡದ ಗೋಡೆಗೆ ನೆಟ್ಟಗೆ ಒರಗಿಸುತ್ತಿದ್ದೆವು. ಹಾಲೆಂಡಿನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ನಾವಿದ್ದ ಸಾಲುಮನೆಯ ಹಾಲ್ ಬಸ್ಸಿನ ಹಾಗೆ ಉದ್ದಕ್ಕಿತ್ತು, ಅಗಲವಿರಲಿಲ್ಲ. ಸೋಫಾ ಮಲಗಿದ್ದರೆ ಡಬಲ್ ಬಾಸ್‌ಗೆ ಜಾಗವೇ ಆಗುತ್ತಿರಲಿಲ್ಲ. ಆಳೆತ್ತರದ ಪಿಟೀಲಿನಂಥ ಆ ವಾದ್ಯವನ್ನು ತಬ್ಬಿಕೊಂಡು, ಆನ್ನೆಕೆ ಎಂಬ ಶಾಲಾ ಟೀಚರ್ ಬಾಗಿಲಲ್ಲಿ ಅಡ್ಡಡ್ಡ ತಿರುಗುತ್ತ ಒಳಗೆ ಬರುತ್ತಿದ್ದರು. ಅವರ ಹಿಂದೆ ಗಿಟಾರಿನವರು, ಪಿಟೀಲಿನವರು. ಕೊನೆಗೆ ನಮ್ಮ ಸಾಲಿನ ತುದಿಮನೆಯ ಹೆಂಕ್, ಬ್ಯಾಂಜೊ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಮಗುವಿನಂತೆ ಹಿಡಿದುಕೊಂಡು. ಬೀದಿಯ ಮಕ್ಕಳೆಲ್ಲ ಅವರನ್ನು ಬರೀ ಹೆಂಕ್ ಎಂದೇ ಕರೆಯುತ್ತಿದ್ದರು. ಅರವತ್ತು ದಾಟಿದವರನ್ನು ಹಾಗೆ ಕರೆಯಲು ಅಮ್ಮ ಬಿಡಲಿಲ್ಲವಾದ್ದರಿಂದ ನನಗೆ ಮಾತ್ರ ಅವರು ಹೆಂಕ್ ಅಂಕಲ್. ನಾಲ್ವರೂ ಬಾಗಿಲಲ್ಲಿ ಶೂ ಬಿಚ್ಚಿ, ಊಟ ಮಾಡಿ, ಕೈ ತೊಳೆದು, ಆಮೇಲೆ ಬ್ಲೂಗ್ರಾಸ್ ನುಡಿಸಲು ನಿಲ್ಲುತ್ತಿದ್ದರು. ಅಮೆರಿಕದ ಗುಡ್ಡಗಾಡಿನ ಸಂಗೀತ ಅದು. ಡ್ರಮ್ ಇಲ್ಲ, ವಿದ್ಯುತ್ ವಾದ್ಯಗಳಿಲ್ಲ, ಬರೀ ತಂತಿ ಮತ್ತು ಗಂಟಲು. ಆದರೆ ಎಂಥ ವೇಗವೆಂದರೆ ಶುರುವಾದ ಎರಡು ನಿಮಿಷದಲ್ಲಿ ಅಮ್ಮನ ಸ್ಟೀಲ್ ಲೋಟಗಳು ಸ್ಟ್ಯಾಂಡಿನಲ್ಲಿ ಅದಿರಲು ಹತ್ತುತ್ತಿದ್ದವು.

ಈ ಏರ್ಪಾಡು ಅಮ್ಮನನ್ನು ಕೇಳಿ ಆದದ್ದಲ್ಲ. ಮೊದಲು ಅವರೆಲ್ಲ ಹೆಂಕ್ ಅಂಕಲ್ ಮನೆಯಲ್ಲೇ ಸೇರುತ್ತಿದ್ದರು. ಅವರ ಹೆಂಡತಿ ರಿಯಾ ಆಂಟಿಯೇ ತಂಡದ ಹಾಡುಗಾರ್ತಿ. ಒಂದು ಚಳಿಗಾಲದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು, ಮನೆಯೊಳಗಿನ ಜೋರು ಸದ್ದನ್ನು ತಡೆಯುವ ಶಕ್ತಿಯೂ ಹೋಯಿತು. ಬ್ಯಾಂಜೊ ಮೂರು ತಿಂಗಳು ಪೆಟ್ಟಿಗೆಯಲ್ಲೇ ಇತ್ತು. ಒಂದು ಶನಿವಾರ ಕಸದ ಡಬ್ಬಿ ಹೊರಗಿಡುವಾಗ ಅಪ್ಪ ಮತ್ತು ಹೆಂಕ್ ಅಂಕಲ್ ಫುಟ್‌ಪಾತಿನಲ್ಲಿ ಮಾತಾಡಿದರು. ಅಪ್ಪ ಒಳಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದರು:

"ನಮ್ಮನೇಲಿ ಮಾಡ್ಕೊಳ್ಳಿ ಅಂದುಬಿಟ್ಟೆ."

"ಎಂತ ಮಾಡುದು?" ಎಂದರು ಅಮ್ಮ.

"ಪ್ರಾಕ್ಟೀಸು. ವಾರಕ್ಕೊಂದು ದಿನ, ಎರಡು ಗಂಟೆ ಅಷ್ಟೇ."

"ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ? ಬೂಟು ಹಾಕ್ಕೊಂಡು ಒಳಗೆ ಬರುದು, ಬಿಯರ್ ಕುಡಿಯುದು, ಮತ್ತೆ ಆ ಟಣಟಣ. ದೇವರ ಗೂಡು ಇರುದು ಅದೇ ಹಾಲಲ್ಲಿ ಅಲ್ವಾ?"

"ಟಣಟಣ ಅಲ್ಲ ಜಯಂತಿ, ಬ್ಲೂಗ್ರಾಸ್ ಅಂತಾರೆ ಅದನ್ನ."

"ಎಂತ ಗ್ರಾಸೋ. ಗುಡಿಸುವವಳು ನಾನು."

ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಮೂರನೇ ದಿನ ಅಮ್ಮ ರಿಯಾ ಆಂಟಿಯನ್ನು ನೋಡಲು ಹೋಗಿ ಬಂದರು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ, ಇಬ್ಬರಿಗೂ ಸಮಾನವಾದ ಭಾಷೆ ಇರಲಿಲ್ಲ, ಒಬ್ಬರಿಗಂತೂ ಮಾತೇ ಇರಲಿಲ್ಲ. ಬಂದವರು ಶರತ್ತುಗಳನ್ನು ಹೇಳಿದರು. ಶೂ ಹೊರಗೆ. ಮನೆಯಲ್ಲಿ ಮಾಂಸವಿಲ್ಲ, ಬಿಯರಿಲ್ಲ. ಬಂದವರು ಉಂಡೇ ನುಡಿಸಬೇಕು. ಏಳು ಗಂಟೆಗೆ ದೀಪ ಹಚ್ಚುವಾಗ ಹತ್ತು ನಿಮಿಷ ಎಲ್ಲರೂ ಸುಮ್ಮನಿರಬೇಕು. ಡಚ್ಚರು ಇದನ್ನೆಲ್ಲ ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಏಳಕ್ಕೆ ಎರಡು ನಿಮಿಷ ಇರುವಾಗಲೇ ಆನ್ನೆಕೆ ಬಾಸನ್ನು ಗೋಡೆಗೆ ಒರಗಿಸಿ ಗಡಿಯಾರ ನೋಡುತ್ತಿದ್ದರು. ಅಮ್ಮನ ಮಂಗಳೂರು ಬನ್ಸ್, ನೀರುದೋಸೆ, ಗೋಳಿಬಜೆಗಳಿಗೆ ಅವರು ಬೇಗ ಒಗ್ಗಿಕೊಂಡರು. ಪಿಟೀಲಿನವರು ಮಾತ್ರ ಪ್ರತಿ ಸಲವೂ ಮೆಣಸಿನಕಾಯಿ ಎಂದು ತಿಳಿಯದೆ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸುತ್ತಿದ್ದರು. ನಿಲ್ಲಿಸಿದ ಸೋಫಾದ ಹಿಂದೆ, ಮೆಟ್ಟಿಲ ಮೇಲಿಂದ ಮೂರನೆಯದರಲ್ಲಿ ನನ್ನ ಜಾಗ. ಅಲ್ಲಿಂದ ಹಾಲೂ ಕಾಣುತ್ತಿತ್ತು, ಅಡುಗೆಮನೆಯೂ ಕಾಣುತ್ತಿತ್ತು.

ಅಪ್ಪನ ಬಗ್ಗೆ ಹೇಳಬೇಕು. ಅವರು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಕಡಿಮೆ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಅವರ ಮೊಣಕಾಲು ಕುಣಿಯುತ್ತಿತ್ತು, ಸಾರಿನ ಬಟ್ಟಲಲ್ಲಿ ಅಲೆ ಏಳುತ್ತಿತ್ತು. ಟಿವಿ ನೋಡುತ್ತ ಎದ್ದು ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಮೈಸೂರಿನಿಂದ ಬೆಂಗಳೂರು, ಅಲ್ಲಿಂದ ಇಲ್ಲಿಗೆ, ಇಲ್ಲಿ ಬಂದ ಮೇಲೆ ಎರಡು ಆಫೀಸು. ಯಾವುದೂ ಅವರಿಗೆ ಕಾಲೂರುವ ಜಾಗ ಅನ್ನಿಸಿರಲಿಲ್ಲ. ಹುಡುಗರಾಗಿದ್ದಾಗ ಮೂರು ವರ್ಷ ಮೈಸೂರಿನಲ್ಲಿ ಒಬ್ಬ ಮೇಷ್ಟ್ರ ಬಳಿ ಮ್ಯಾಂಡೊಲಿನ್ ಕಲಿತು, ಇಂಜಿನಿಯರಿಂಗ್ ಸೇರಿದಾಗ ಬಿಟ್ಟಿದ್ದರು. ಬ್ಲೂಗ್ರಾಸ್‌ನಲ್ಲೂ ಮ್ಯಾಂಡೊಲಿನ್ ಉಂಟು ಎಂದು ತಿಳಿದದ್ದೇ ರಾಟರ್‌ಡ್ಯಾಮಿನ ಸಂತೆಯಿಂದ ಹಳೆಯದೊಂದನ್ನು ತಂದರು. ಎರಡನೇ ಗುರುವಾರ ಅವರೂ ವೃತ್ತದಲ್ಲಿ ನಿಂತಿದ್ದರು. ಮನೆ ಅವರದು, ಯಾರು ಬೇಡ ಎನ್ನುತ್ತಾರೆ?

ಈ ಸಂಗೀತದಲ್ಲಿ ಮ್ಯಾಂಡೊಲಿನ್ನಿನ ಮುಖ್ಯ ಕೆಲಸ ರಾಗ ನುಡಿಸುವುದಲ್ಲ, ತಾಳ ಹಿಡಿಯುವುದು. ಬಾಸ್ ಇಡುವ ಎರಡು ಹೆಜ್ಜೆಗಳ ನಡುವೆ ಒಂದು ಖಾಲಿ ಜಾಗವಿರುತ್ತದೆ. ಸರಿಯಾಗಿ ಅಲ್ಲಿ ತಂತಿಗಳನ್ನು ಚಕ್ಕೆಂದು ಹೊಡೆದು, ತಕ್ಷಣ ಬೆರಳಿನಿಂದ ಸದ್ದು ಅಡಗಿಸಬೇಕು. ಹಾಡಿನ ಉದ್ದಕ್ಕೂ ಅದನ್ನೇ ಮಾಡುತ್ತಿರಬೇಕು. ಅಪ್ಪನಿಗೆ ಆ ಖಾಲಿ ಜಾಗದ ತನಕ ಕಾಯಲು ಆಗುತ್ತಿರಲಿಲ್ಲ. ಕೂದಲೆಳೆಯಷ್ಟು ಮೊದಲೇ ಹೊಡೆಯುತ್ತಿದ್ದರು. ಅವರನ್ನು ಹಿಡಿಯಲು ಗಿಟಾರು ಓಡುತ್ತಿತ್ತು, ಗಿಟಾರಿನ ಹಿಂದೆ ಬ್ಯಾಂಜೊ ಓಡುತ್ತಿತ್ತು, ಕೊನೆಯ ಚರಣದ ಹೊತ್ತಿಗೆ ಎಲ್ಲರೂ ಬಸ್ಸಿಗೆ ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು. ಅಪ್ಪ ಬೆವರು ಒರೆಸಿಕೊಂಡು ನಗುತ್ತಿದ್ದರು. ನನಗೆ ಹನ್ನೊಂದು ವರ್ಷ, ಸಂಗೀತ ಗೊತ್ತಿರಲಿಲ್ಲ. ಆದರೆ ಹೆಂಕ್ ಅಂಕಲ್ ಕಣ್ಣು ಮುಚ್ಚಿಕೊಳ್ಳುವುದು ಮೆಟ್ಟಿಲ ಮೇಲಿಂದ ಕಾಣುತ್ತಿತ್ತು.

ಅಮ್ಮ ಹಾಡಿದ್ದು ಆಕಸ್ಮಿಕ. ಉಡುಪಿಯಲ್ಲಿ ಮದುವೆಗೆ ಮುಂಚೆ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದವರು ಇಲ್ಲಿ ಅಡುಗೆಮನೆಯಲ್ಲಿ ಗುನುಗುತ್ತಿದ್ದರು, ಅಷ್ಟೇ. ಒಂದು ಗುರುವಾರ ತಂಡ ನಿಧಾನದ ಹಾಡೊಂದನ್ನು ಅಭ್ಯಾಸ ಮಾಡುತ್ತಿತ್ತು. ಹೆಂಕ್ ಮತ್ತು ಗಿಟಾರಿನವರು ಹಾಡುತ್ತಿದ್ದರು. ಅವರಿಬ್ಬರ ಮೇಲೆ ಮೂರನೆಯದೊಂದು ದನಿ ಇರಬೇಕಾದ ಕಡೆ ಏನೂ ಇರಲಿಲ್ಲ, ಅದು ರಿಯಾ ಆಂಟಿಯ ಜಾಗ. ಅಮ್ಮ ಬೆನ್ನು ತಿರುಗಿಸಿಕೊಂಡು ಕಾವಲಿ ಉಜ್ಜುತ್ತಿದ್ದರು. ಇಂಗ್ಲಿಷ್ ಪದಗಳು ತಿಳಿಯದೆ, ಬರೀ ಆ ಎಂದು ಆಕಾರದಲ್ಲಿ, ಆ ಮೇಲಿನ ದನಿಯನ್ನು ಹಿಡಿದು ಎಳೆದರು. ಎಳೆದು ನಿಲ್ಲಿಸಿದರು. ಹಾಲಿನಲ್ಲಿ ಒಬ್ಬೊಬ್ಬರಾಗಿ ನುಡಿಸುವುದನ್ನು ಬಿಟ್ಟರು. ಅಪ್ಪನ ಮ್ಯಾಂಡೊಲಿನ್ ಮಾತ್ರ ಇನ್ನೂ ನಾಲ್ಕು ಪೆಟ್ಟು ಹೊಡೆದು ನಿಂತಿತು. ಆನ್ನೆಕೆ ಅಡುಗೆಮನೆಯ ಬಾಗಿಲಿಗೆ ಬಂದು ಅಮ್ಮನ ಸೋಪುಗೈಯನ್ನು ಹಿಡಿದುಕೊಂಡರು.

"ಎಂತ ಆಯ್ತು? ಜೋರಾಯ್ತಾ?" ಎಂದು ಅಮ್ಮ ನನ್ನನ್ನು ಕೇಳಿದರು.

"ಇಲ್ಲ ಅಮ್ಮ. ಇನ್ನೊಮ್ಮೆ ಹಾಡಿ ಅಂತಿದಾರೆ."

ಅಂದಿನಿಂದ ಅಮ್ಮ ಊಟ ಬಡಿಸಿ ಸೆರಗಿಗೆ ಕೈ ಒರೆಸಿಕೊಂಡು ವೃತ್ತಕ್ಕೆ ಬರತೊಡಗಿದರು. ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುವ ಕೆಲಸ ನನ್ನದು. ಅಪ್ಪ ಮೊದಲು ಹೆಮ್ಮೆಪಟ್ಟರು, ಮೈಸೂರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದರು. ಆಮೇಲೆ ಕೆಲವು ವಾರ ಅಮ್ಮ ಹಾಡುವಾಗ ಅವರ ಪೆಟ್ಟು ಇನ್ನಷ್ಟು ಬಿರುಸಾಯಿತು. ಅಮ್ಮ ಒಮ್ಮೆ, "ನೀವು ಸ್ವಲ್ಪ ಮೆಲ್ಲ ಹೋಗಿ, ನನಗೆ ಉಸಿರು ತೆಗೀಲಿಕ್ಕೆ ಪುರುಸೊತ್ತು ಸಿಕ್ಕುದಿಲ್ಲ" ಎಂದರು. ಅಪ್ಪ ಎರಡು ದಿನ ಮಾತು ಬಿಟ್ಟರು.

ಆ ವಸಂತದಲ್ಲಿ ಹೆಂಕ್ ಅಂಕಲ್‌ಗೆ ಪತ್ರ ಬಂತು. ಗ್ರೋನಿಂಗನ್ ಊರಾಚೆಯ ಪಾರ್ಕಿನಲ್ಲಿ ನಡೆಯುವ ಜಾನಪದ ಉತ್ಸವದಲ್ಲಿ ಅವರಿಗೆ ಪರಂಪರೆಯ ಪ್ರಶಸ್ತಿ. ಒಂದು ಸಂಗೀತವನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಂದವರಿಗೆ, ಮುಂದಿನವರಿಗೆ ಕಲಿಸಿದವರಿಗೆ ಕೊಡುವಂಥದ್ದು. ಪ್ರಶಸ್ತಿ ಪಡೆಯುವ ಮೊದಲು ತಂಡ ಇಪ್ಪತ್ತು ನಿಮಿಷ ನುಡಿಸಬೇಕಿತ್ತು. ಅಪ್ಪ ಊಟದ ಮೇಜಿನಲ್ಲಿ ಚುಡಾಯಿಸಿದರು: "ಅಮೆರಿಕದ ಗುಡ್ಡದ ಹಾಡು, ಅದು ಹಾಲೆಂಡಿನ ಪರಂಪರೆ ಹೇಗಾಗತ್ತೆ ಹೆಂಕ್?" ಹೆಂಕ್ ಅಂಕಲ್ ಗೋಳಿಬಜೆಯನ್ನು ಕೈಯಲ್ಲಿ ಹಿಡಿದು ಯೋಚಿಸಿದರು. "ನನಗೂ ಗೊತ್ತಿಲ್ಲ ಸತೀಶ್. ಮೂವತ್ತು ವರ್ಷ ಒಂದನ್ನೇ ಮಾಡಿದ್ದೇನೆ. ಬೇರೆ ಏನೂ ನನ್ನ ಬಳಿ ಇಲ್ಲ." ಅದನ್ನು ಹೇಳುವಾಗ ಅವರು ನಗಲಿಲ್ಲ.

ಉತ್ಸವಕ್ಕೆ ಎರಡು ವಾರ ಇರುವಾಗ, ನಾನು ಶಾಲೆಯಿಂದ ಬಂದು ಹಿತ್ತಲಿನ ಶೆಡ್ಡಿಗೆ ಸೈಕಲ್ ತಳ್ಳುತ್ತಿದ್ದೆ. ಹೆಂಕ್ ಅಂಕಲ್ ಬೇಲಿಯ ಹತ್ತಿರ ನಿಂತಿದ್ದರು, ನನಗಾಗಿಯೇ ಕಾದಿದ್ದರು. ನನ್ನ ಹತ್ತಿರ ಅವರು ಯಾವಾಗಲೂ ಡಚ್‌ನಲ್ಲೇ ಮಾತಾಡುತ್ತಿದ್ದರು.

"ರಮ್ಯಾ, ನಿನ್ನಿಂದ ಒಂದು ಸಹಾಯ ಆಗಬೇಕು. ಗ್ರೋನಿಂಗನ್‌ನಲ್ಲಿ ನಾವು ಐದು ಜನ ನುಡಿಸುತ್ತೇವೆ. ನಿನ್ನ ಅಮ್ಮ ಇರುತ್ತಾರೆ. ನಿನ್ನ ಅಪ್ಪ ವೇದಿಕೆಗೆ ಬರಬಾರದು. ಅದನ್ನು ನೀನು ಅವರಿಗೆ ಹೇಳಬೇಕು."

"ನಾನಾ?"

"ನನ್ನ ಇಂಗ್ಲಿಷಿನಲ್ಲಿ ಹೇಳಿದರೆ ಒರಟಾಗುತ್ತದೆ. ನಿಮ್ಮ ಭಾಷೆಯಲ್ಲಿ ನೀನು ಮೆತ್ತಗೆ ಹೇಳಬಹುದು. ಮಗಳ ಬಾಯಲ್ಲಿ ಕೇಳಿದರೆ ನೋವು ಕಡಿಮೆ."

ನಾನು ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದುಕೊಂಡಿದ್ದೆ, ಸದ್ದಾಗದ ಹಾಗೆ. "ಮುಂದಿನ ವರ್ಷ ಅಪ್ಪ ನುಡಿಸಬಹುದಾ?" ಎಂದು ಕೇಳಿದೆ.

ಅವರು ತಲೆಯಾಡಿಸಿದರು. "ಇಲ್ಲ ಮಗೂ. ತಾಳ ಬರುವುದಿದ್ದರೆ ಇಷ್ಟರಲ್ಲಿ ಬಂದಿರುತ್ತಿತ್ತು. ಅದು ಅವರಿಗೆ ಬರುವುದಿಲ್ಲ."

ಈಗ ನಾನು ನೈಮೆಗನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ವೈದ್ಯರು ಹೇಳಿಹೋದ ಮೇಲೆ ರೋಗಿಗಳು ನನ್ನನ್ನು ಕರೆದು, "ಅವರು ಹೇಳಿದ್ದರ ಅರ್ಥ ಏನು?" ಎಂದು ಕೇಳುತ್ತಾರೆ. ಒಳಗೆ ಹೋಗುವ ಮೊದಲು ನಾನು ಕಾರಿಡಾರಿನಲ್ಲಿ ಎರಡು ಸಲ ಆ ತುದಿಗೂ ಈ ತುದಿಗೂ ನಡೆಯುತ್ತೇನೆ. ಜೊತೆಯವರಿಗೆ ಇದು ತಮಾಷೆ. ಅವರಿಗೆ ಆ ಹತ್ತು ದಿನಗಳು ಗೊತ್ತಿಲ್ಲ. ಹೆಂಕ್ ಅಂಕಲ್ ಬೇಲಿಯ ಬಳಿ ಕೇಳಿಕೊಂಡ ಅವತ್ತೇ ಸಂಜೆ ಅಪ್ಪನಿಗೆ ಹೇಳುತ್ತೇನೆ ಎಂದುಕೊಂಡು ಒಳಗೆ ಹೋದೆ. ಅಪ್ಪ ವೇದಿಕೆಗೆಂದು ತಂದ ಹೊಸ ಹ್ಯಾಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. "ಹೇಗಿದೆ ಪುಟ್ಟಿ?" ಎಂದರು. ಚೆನ್ನಾಗಿದೆ ಎಂದೆ. ಮಾರನೆಯ ದಿನ ಹೇಳೋಣ ಎಂದುಕೊಂಡರೆ ಉತ್ಸವದ ದಿನಕ್ಕೆ ಆಫೀಸಿನಲ್ಲಿ ರಜೆ ಹಾಕಿ ಬಂದಿದ್ದರು. ಅದರ ಮಾರನೆಯ ದಿನ ಮೈಸೂರಿಗೆ ಫೋನ್ ಮಾಡಿ, ವೇದಿಕೆ ಎಷ್ಟು ದೊಡ್ಡದು, ಎಷ್ಟು ಜನ ಬರುತ್ತಾರೆ ಎಂದು ನನ್ನ ದೊಡ್ಡಪ್ಪನಿಗೆ ವಿವರಿಸುತ್ತಿದ್ದರು. ಪ್ರತಿದಿನವೂ ಹೇಳುವುದು ಹಿಂದಿನ ದಿನಕ್ಕಿಂತ ಕಷ್ಟವಾಯಿತು. ಕ್ಲಾಸಿನಲ್ಲಿ ಕೂರಲಾಗುತ್ತಿರಲಿಲ್ಲ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಮನೆಯಲ್ಲಿ ಅಪ್ಪ ನನ್ನನ್ನು ಎದುರು ಕೂರಿಸಿಕೊಂಡು, "ನೋಡು, ಈಗ ಸರಿ ಬಂತಾ?" ಎಂದು ಚಕ್ ಚಕ್ ಹೊಡೆಯುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಮುಂದಿನ ಗುರುವಾರ ಹೆಂಕ್ ಅಂಕಲ್ ಬಂದಾಗ ಅಪ್ಪ ಎಂದಿನಂತೆ ವೃತ್ತದಲ್ಲಿ ನಿಂತರು. ಹೆಂಕ್ ನನ್ನ ಕಡೆ ನೋಡಿದರು. ನಾನು ಮೆಟ್ಟಿಲು ಹತ್ತಿ ಮೇಲೆ ಓಡಿದೆ.

ಹತ್ತನೆಯ ದಿನ, ಅಮ್ಮ ಬಟ್ಟೆ ಒಣಹಾಕುತ್ತಿರುವಾಗ ಕ್ಲಿಪ್ಪುಗಳನ್ನು ಕೊಡುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಒದ್ದೆ ಟವೆಲನ್ನು ಬುಟ್ಟಿಗೆ ವಾಪಸ್ ಹಾಕಿದರು.

"ನಿನ್ನತ್ರ ಹೇಳ್ಲಿಕ್ಕೆ ಹೇಳಿದ್ರಾ? ನಿನ್ನತ್ರ?"

"ಹೂಂ."

"ಹತ್ತು ದಿನದಿಂದ ಇದನ್ನ ಹೊಟ್ಟೆಯಲ್ಲಿ ಇಟ್ಕೊಂಡು ತಿರುಗಿದ್ದಾ ನೀನು?"

ಅಮ್ಮ ಚಪ್ಪಲಿ ಹಾಕಿಕೊಂಡು ನಡೆದರು, ನಾನು ಹಿಂದೆ ಓಡಿದೆ. ಹೆಂಕ್ ಅಂಕಲ್ ಬಾಗಿಲು ತೆಗೆದರು. ಒಳಗೆ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ರಿಯಾ ಆಂಟಿ ಕಾಣುತ್ತಿದ್ದರು. ಅಮ್ಮನಿಗೆ ಡಚ್‌ನಲ್ಲಿ ಇದ್ದದ್ದು ಅಂಗಡಿಗೆ ಬೇಕಾದಷ್ಟೇ ಪದ. ಅದರಲ್ಲೇ ಜೋಡಿಸಿ, ನನ್ನ ಕಡೆ ಬೆರಳು ತೋರಿಸಿ, ಒಂದೊಂದೇ ಪದವಾಗಿ ಹೇಳಿದರು: "ಕಿಂಡ್. ನೀಟ್. ಕಿಂಡ್ ನೀಟ್ ಫ್ರಾಗೆನ್." ಮಗುವನ್ನು ಕೇಳಬೇಡಿ ಎಂದು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು, "ಇದನ್ನ ಮಾತ್ರ ಅವರಿಗೆ ಸರಿಯಾಗಿ ಹೇಳು. ಅವರೇ ಮನೆಗೆ ಬಂದು, ಇವರ ಎದುರು ಕೂತು ಹೇಳ್ಬೇಕು. ಇಲ್ಲಾಂದ್ರೆ ನಾನು ಹಾಡುದಿಲ್ಲ." ನಾನು ಹೇಳಿದೆ. ಹೆಂಕ್ ಅಂಕಲ್ ಮುಖ ಕೆಂಪಾಯಿತು. ಒಳಗಿನಿಂದ ರಿಯಾ ಆಂಟಿ ಒಂದು ಸದ್ದು ಮಾಡಿದರು. ಗಂಡನ ಮೇಲಿನ ಸಿಟ್ಟಿನ ಸದ್ದು ಅದು, ಅದಕ್ಕೆ ಅನುವಾದ ಬೇಕಿರಲಿಲ್ಲ.

ಅವತ್ತೇ ಸಂಜೆ ಹೆಂಕ್ ಅಂಕಲ್ ಬಂದರು. ಶೂ ಬಿಚ್ಚಿ, ಮಲಗಿರುವ ಸೋಫಾದ ಅಂಚಿನಲ್ಲಿ ಕೂತು, ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಇಂಗ್ಲಿಷಿನಲ್ಲಿ ಹೇಳಿದರು. ಒಂದೇ ಮೈಕು, ವೇದಿಕೆ ಚಿಕ್ಕದು, ಈ ಸಲ ಐದೇ ಜನ ಇದ್ದರೆ ಒಳ್ಳೆಯದು, ಮುಂದಿನ ವರ್ಷ ನೋಡೋಣ. ಮುಂದಿನ ವರ್ಷ ಎಂದದ್ದು ಕೇಳಿ ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

ಅಪ್ಪ ನಕ್ಕರು. "ಅಯ್ಯೋ, ಅದಕ್ಕೇನು ಹೆಂಕ್. ಆಫ್ ಕೋರ್ಸ್, ಆಫ್ ಕೋರ್ಸ್" ಎನ್ನುತ್ತ ಎದ್ದು ಅವರ ಬೆನ್ನು ತಟ್ಟಿದರು, ಕಾಫಿ ಮಾಡಿ ಕೊಟ್ಟರು, ಬಾಗಿಲ ತನಕ ಹೋಗಿ ಬಿಟ್ಟು ಬಂದರು. ಬಂದವರು ಕುರ್ಚಿಗಳನ್ನೆಲ್ಲ ಮೇಜಿನ ಕೆಳಗೆ ಒಂದೊಂದಾಗಿ ತಳ್ಳಿದರು.

"ನಿನಗೆ ಗೊತ್ತಿತ್ತಾ ಜಯಂತಿ?"

"ಇವತ್ತು ಮಧ್ಯಾಹ್ನ ಗೊತ್ತಾದದ್ದು."

"ಯಾರು ಹೇಳಿದ್ದು?"

ಅಮ್ಮನ ಕಣ್ಣು ನನ್ನ ಕಡೆ ಹೋಯಿತು. ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಿನಗೆ ಯಾವಾಗಿಂದ ಗೊತ್ತು ಪುಟ್ಟಿ?"

"ಹತ್ತು ದಿನ ಆಯ್ತು ಅಪ್ಪ."

"ಹತ್ತು ದಿನ. ನನ್ನೆದುರು ಕೂತ್ಕೊಂಡು, ಸರಿ ಬಂತು ಸರಿ ಬಂತು ಅಂತ ತಲೆ ಆಡಿಸ್ದೆಯಲ್ಲ, ಆವಾಗೆಲ್ಲ ಗೊತ್ತಿತ್ತು."

ಬಯ್ದಿದ್ದರೆ ಅತ್ತು ಮುಗಿಸುತ್ತಿದ್ದೆ. ಅವರು ಬಯ್ಯಲಿಲ್ಲ. ಹ್ಯಾಟನ್ನು ತೆಗೆದುಕೊಂಡು ಹೋಗಿ ಮೇಲಿನ ಕೋಣೆಯ ಕಪಾಟಿನಲ್ಲಿ, ಕಂಬಳಿಗಳ ಹಿಂದೆ ಇಟ್ಟರು. ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು, "ನಾನೂ ಹೋಗುದಿಲ್ಲ. ಹೆಂಕ್ ಬೇರೆಯವರನ್ನ ನೋಡ್ಕೊಳ್ಳಲಿ" ಎಂದರು. ಮೇಲಿನಿಂದ ಅಪ್ಪನ ದನಿ ಬಂತು: "ಹುಚ್ಚಿ ಥರ ಆಡಬೇಡ. ನೀನು ಹಾಡಲೇಬೇಕು. ನಾನೇ ಗಾಡಿ ಓಡಿಸ್ತೀನಿ."

ಓಡಿಸಿದರು ಕೂಡ. ಬಾಡಿಗೆ ವ್ಯಾನಿನಲ್ಲಿ ಡಬಲ್ ಬಾಸ್, ರಿಯಾ ಆಂಟಿಯ ಗಾಲಿಕುರ್ಚಿ, ಅಮ್ಮ ಕಟ್ಟಿಕೊಂಡ ಮೊಸರನ್ನದ ಡಬ್ಬಿಗಳು, ಎಲ್ಲರೂ. ಮೂರು ಗಂಟೆಯ ದಾರಿ. ಅಪ್ಪ ರೇಡಿಯೊ ಚಾನೆಲ್ ಬದಲಾಯಿಸುತ್ತಲೇ ಇದ್ದರು, ಯಾರೂ ಆಕ್ಷೇಪಿಸಲಿಲ್ಲ. ಉತ್ಸವದ ಮೈದಾನದಲ್ಲಿ ಮೂರು ಟೆಂಟು, ನಡುವೆ ಮರದ ವೇದಿಕೆ, ಒದ್ದೆ ಹುಲ್ಲಿನ ಮೇಲೆ ಮಡಚುವ ಕುರ್ಚಿಗಳು. ನಮಗಿಂತ ಮೊದಲು ಮರದ ಬೂಟು ತೊಟ್ಟ ಗುಂಪೊಂದು ಕುಣಿದು ಹೋಗಿತ್ತು, ಹಲಗೆಗಳ ಮೇಲೆ ಮಣ್ಣು ಉಳಿದಿತ್ತು. ಅಂದು ಮೂವರಿಗೆ ಪ್ರಶಸ್ತಿ. ಗ್ರೋನಿಂಗನ್ ಆಡುಮಾತಿನ ಜೋಗುಳಗಳನ್ನು ಸಂಗ್ರಹಿಸಿದ ಅಜ್ಜಿ, ಬೀದಿಯ ಆರ್ಗನ್ ಪೆಟ್ಟಿಗೆಗಳನ್ನು ರಿಪೇರಿ ಮಾಡುವ ಒಬ್ಬರು, ಮತ್ತು ನಮ್ಮ ಹೆಂಕ್ ಅಂಕಲ್. ಸ್ಪೀಕರುಗಳ ಹತ್ತಿರ ರಿಯಾ ಆಂಟಿಯನ್ನು ಕೂರಿಸುವ ಹಾಗಿರಲಿಲ್ಲ. ಅಪ್ಪ ಯಾರೂ ಕೇಳುವ ಮೊದಲೇ ಗಾಲಿಕುರ್ಚಿ ತಳ್ಳಿಕೊಂಡು ಮೈದಾನದ ಆ ಕೊನೆಗೆ, ಮರಗಳ ಸಾಲಿನ ಕೆಳಗೆ ಹೋದರು.

ನಾನು ವೇದಿಕೆಯ ಪಕ್ಕದಲ್ಲಿ ನಿಂತಿದ್ದೆ. ಒಂದೇ ಮೈಕು, ಅದರ ಸುತ್ತ ಐದು ಜನ. ಹೆಂಕ್ ಅಂಕಲ್ ಬ್ಯಾಂಜೊ ನುಡಿಸಲು ಮುಂದೆ ಬಾಗಿದರೆ ಪಿಟೀಲಿನವರು ಹಿಂದೆ ಸರಿಯುತ್ತಿದ್ದರು. ಪಿಟೀಲು ಬಂದರೆ ಗಿಟಾರು ಜಾಗ ಬಿಡುತ್ತಿತ್ತು. ಯಾರೂ ಯಾರಿಗೂ ತಾಗುತ್ತಿರಲಿಲ್ಲ. ಇಳಕಲ್ ಸೀರೆಯ ಮೇಲೆ ಜಾಕೆಟ್, ಕಾಲಲ್ಲಿ ಕ್ಯಾನ್ವಾಸ್ ಶೂ ಹಾಕಿದ್ದ ಅಮ್ಮ ಹಾಡಿನ ಸಾಲು ಬಂದಾಗ ಅವರ ನಡುವೆ ನುಗ್ಗಿ ದನಿ ಎತ್ತಿದರು, ಮತ್ತೆ ಹಿಂದಕ್ಕೆ ಬಂದರು. ಎರಡನೇ ಹಾಡಿನ ನಡುವೆ ಅಮ್ಮನ ಕಣ್ಣು ಗಲಿಬಿಲಿಯಾದದ್ದು ನನಗೆ ಕಂಡಿತು. ಪದ ಮರೆತುಹೋಗಿತ್ತು. ಅರೆಕ್ಷಣ, ಆಮೇಲೆ ಬರೀ ಆಕಾರದಲ್ಲಿ ಆ ಸಾಲನ್ನು ಎತ್ತಿ ಎಷ್ಟು ಮೇಲಕ್ಕೆ ಒಯ್ದರೆಂದರೆ ಜನ ಹಾಡೇ ಹಾಗಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ತಾಳ ಎಲ್ಲೂ ಓಡಲಿಲ್ಲ. ಅಪ್ಪ ಇಲ್ಲದ ಬ್ಲೂಗ್ರಾಸ್ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅದೇ ಮೊದಲು. ಕೇಳಿ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯಾಯಿತು, ನಿಂತಲ್ಲಿ ನಿಲ್ಲಲಾಗಲಿಲ್ಲ.

ಪ್ರಶಸ್ತಿಯೆಂದರೆ ಓಕ್ ಮರದ ಒಂದು ತುಂಡು, ಅದರ ಮೇಲೆ ಹೆಸರು ಕೊರೆದಿತ್ತು. ಹೆಂಕ್ ಅಂಕಲ್ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮಾತಾಡಿದರು. ತಮ್ಮ ಅಜ್ಜನಿಗೆ ಚರ್ಚಿನ ಹಾಡುಗಳು ಬಿಟ್ಟರೆ ಏನೂ ಗೊತ್ತಿರಲಿಲ್ಲ, ಈ ಬ್ಯಾಂಜೊ ಕೊಡಿಸಿದ್ದು ರಿಯಾ, ಹಾಡಿದ್ದು ರಿಯಾ, ಈ ಮರದ ತುಂಡಿನಲ್ಲಿ ಅರ್ಧ ಅವಳದು ಎಂದರು. ಅಮ್ಮನ ಹೆಸರನ್ನು ತಪ್ಪಿಲ್ಲದೆ ಹೇಳಿದರು. ಕೊನೆಗೆ, "ಮತ್ತು ನೆರೆಯ ಸತೀಶ್‌ಗೆ, ನಮಗಾಗಿ ಪ್ರತಿ ವಾರ ಸೋಫಾ ಎತ್ತಿ ನಿಲ್ಲಿಸಿದ್ದಕ್ಕೆ" ಎಂದರು. ಜನ ನಕ್ಕರು. ಆ ಮಾತು ಸ್ಪೀಕರುಗಳಿಂದ ಮರಗಳ ತನಕ ಹೋಯಿತೇ ಎಂದು ನೋಡಲು ನಾನು ಓಡಿದೆ.

ಅಪ್ಪ ಗಾಲಿಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತಿದ್ದರು. ರಿಯಾ ಆಂಟಿಯ ಕೆನ್ನೆ ಒದ್ದೆಯಾಗಿತ್ತು, ಅಪ್ಪ ತಮ್ಮ ಕರ್ಚೀಫು ಕೊಟ್ಟಿದ್ದರು.

"ನಿಮ್ಮಮ್ಮ ಎರಡನೇದರಲ್ಲಿ ಪದ ಮರೆತಳಲ್ವಾ?" ಎಂದರು.

"ಹೂಂ ಅಪ್ಪ. ಯಾರಿಗೂ ಗೊತ್ತಾಗ್ಲಿಲ್ಲ."

"ನನಗೆ ಗೊತ್ತಾಯ್ತು" ಎಂದರು. ಸೋಫಾದ ಮಾತು ಎತ್ತಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪ ಮುಂದಿನ ವರ್ಷ ಎಂಬುದನ್ನು ಹಿಡಿದುಕೊಂಡರು. ಮೇಲಿನ ಕೋಣೆಯಲ್ಲಿ, ಟಿಕ್ ಟಿಕ್ ಎಂದು ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ಬೆಳಿಗ್ಗೆ ಆಫೀಸಿಗೆ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ. ಟಿಕ್ ಎನ್ನುವ ಮೊದಲೇ ಚಕ್. ಎಡಗೈ ಬೆರಳುಗಳು ಒಡೆದು ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದರು. ಗುರುವಾರ ತಂಡ ಬರುತ್ತಿತ್ತು, ಅಮ್ಮ ಹಾಡುತ್ತಿದ್ದರು. ಅಪ್ಪ ಮಾತ್ರ, "ಪೂರ್ತಿ ರೆಡಿಯಾದ್ಮೇಲೇ ನಿಲ್ತೀನಿ" ಎಂದು ಸೋಫಾ ನಿಲ್ಲಿಸಿಕೊಟ್ಟು ನನ್ನನ್ನು ಕರೆದುಕೊಂಡು ಊರಂಚಿನ ನದಿಯ ಏರಿಗೆ ಹೊರಟುಬಿಡುತ್ತಿದ್ದರು. ಅವರು ಬಿರಬಿರನೆ ನಡೆಯುತ್ತಿದ್ದರು, ನಾನು ಅರ್ಧ ಓಡುತ್ತಿದ್ದೆ. ಹೀಗೆ ಬೇಸಿಗೆ ಕಳೆಯಿತು. ಶಾಲೆ ಮತ್ತೆ ಶುರುವಾದ ಮೇಲಿನ ಒಂದು ಗುರುವಾರ, ಮರಳು ತುಂಬಿದ ದೋಣಿಯೊಂದು ಹಾದುಹೋಗುವುದನ್ನು ನೋಡುತ್ತ ಅಪ್ಪ ನಿಂತರು.

"ಪುಟ್ಟಿ, ಆವತ್ತು ಶೆಡ್ ಹತ್ರ ಹೆಂಕ್ ನಿನಗೆ ಏನಂದ್ರು? ಈ ಸಲ ಆಗಲ್ಲ ಅಂದ್ರಾ, ಇಲ್ಲಾ ಆಗೋದೇ ಇಲ್ಲ ಅಂದ್ರಾ?"

ಮೆತ್ತಗಿನ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಈ ಸಲ ಆಗಲ್ಲ ಅಂದ್ರು ಅಪ್ಪ, ಎಂದರೆ ಸಾಕಿತ್ತು. ಹಾಗೆಂದಿದ್ದರೆ ಅವರು ಸಂಜೆ ಮತ್ತೆ ಮೇಲೆ ಹೋಗಿ ಟಿಕ್ ಟಿಕ್ ಹಚ್ಚುತ್ತಿದ್ದರು. ನಾನು ಎದುರು ಕೂತು ತಲೆಯಾಡಿಸುತ್ತಿದ್ದೆ.

"ಆಗೋದೇ ಇಲ್ಲ ಅಂದ್ರು ಅಪ್ಪ."

"ಸರಿಯಾಗಿ ಹೇಳು. ಡಚ್‌ನಲ್ಲೇ ಹೇಳು, ಅವರು ಅಂದ ಹಾಗೇ."

ಹೇಳಿದೆ. ಬರುವುದಿದ್ದರೆ ಇಷ್ಟರಲ್ಲಿ ಬಂದಿರುತ್ತಿತ್ತು ಎಂಬ ಮಾತನ್ನೂ ಹೇಳಿದೆ. ಅಪ್ಪ ಇನ್ನೊಮ್ಮೆ ಹೇಳಿಸಿದರು. ದೋಣಿ ಎಬ್ಬಿಸಿದ ಅಲೆಗಳು ಒಂದಾದ ಮೇಲೊಂದು ದಡದ ಕಲ್ಲುಗಳಿಗೆ ಬಡಿದು ನಿಂತವು.

"ಅವರು ಒಳ್ಳೆ ಸಂಗೀತಗಾರರು. ಅವರಿಗೆ ಗೊತ್ತಿರತ್ತೆ" ಎಂದರು ಕೊನೆಗೆ.

"ನನ್ನ ಮೇಲೆ ಕೋಪ ಇದೆಯಾ ಅಪ್ಪ?"

"ಇದೆ. ಇನ್ನೂ ಸ್ವಲ್ಪ ದಿನ ಇರತ್ತೆ. ಆವತ್ತೇ ಹೇಳಿದ್ರೆ ಆವತ್ತೇ ಮುಗೀತಿತ್ತು." ಜೇಬಿನಲ್ಲಿ ಕೈ ಹಾಕಿಕೊಂಡು ನದಿಯ ಕಡೆ ನೋಡಿದರು. "ಆದ್ರೆ ಇವತ್ತು ಕೇಳಿದ್ದಕ್ಕೆ ಹೇಳಿದೆ. ಅದು ಸರಿ."

ಅಷ್ಟು ಹೇಳಿ ಅವರು ನಡೆದುಬಿಟ್ಟರು, ಎಂದಿಗಿಂತ ಜೋರಾಗಿ. ಅವರ ಬೆನ್ನು ಚಿಕ್ಕದಾಗುತ್ತ ಹೋಯಿತು. ಈ ಸಲ ನಾನು ಓಡಲಿಲ್ಲ, ಓಡುವ ಧೈರ್ಯ ಬರಲಿಲ್ಲ. ಏರಿ ತಿರುಗುವಲ್ಲಿ ಅವರು ನಿಂತರು. ಹಿಂದೆ ನೋಡಲಿಲ್ಲ, ಕರೆಯಲಿಲ್ಲ. ನಾನು ನನ್ನ ನಡಿಗೆಯಲ್ಲಿ ಅಲ್ಲಿಗೆ ಮುಟ್ಟುವ ತನಕ ನಿಂತೇ ಇದ್ದರು.